ವರ್ಷಕ್ಕೊಂದು ಮೆಣಸಿನ ಕಾಳು ಗೇಣಿ

ನ್ಯೂಯಾರ್ಕ್‌ನ ವಾಲ್ ಸ್ಟ್ರೀಟ್ ಎಂದರೆ ಅಗಲವಾದ ರಾಜಬೀದಿ ಎಂದುಕೊಂಡು ಹೋದವರಿಗೆ ಎದುರಾಗುವುದು ಇಕ್ಕಟ್ಟಾದ ಒಂದು ಗಲ್ಲಿ. ಎರಡೂ ಬದಿಯ ಕಟ್ಟಡಗಳು ಆಕಾಶವನ್ನು ಒಂದು ಪಟ್ಟಿಯಷ್ಟಕ್ಕೆ ಇಳಿಸಿಬಿಟ್ಟಿವೆ. ಬಿಸಿಲು ಬಂದರೂ ನೆಲಕ್ಕೆ ಇಳಿಯುವ ಮೊದಲೇ ಹತ್ತನೆಯ ಮಹಡಿಯಲ್ಲೋ ಇಪ್ಪತ್ತನೆಯ ಮಹಡಿಯಲ್ಲೋ ಉಳಿದುಹೋಗುತ್ತದೆ. ಮೂಲೆಯ ತಳ್ಳುಗಾಡಿಯಲ್ಲಿ ಈರುಳ್ಳಿ ಹುರಿಯುವ ವಾಸನೆ, ಕೊರಳಲ್ಲಿ ಗುರುತಿನ ಚೀಟಿ ತೂಗಾಡಿಸಿಕೊಂಡು ಕಾಫಿ ಲೋಟ ಹಿಡಿದು ಓಡುವ ನೌಕರರು, ಫೋಟೋಕ್ಕೆ ನಿಂತ ಪ್ರವಾಸಿಗರು, ನೆಲದಡಿಯಲ್ಲಿ ರೈಲು ಹಾದಾಗಲೆಲ್ಲ ಜಾಲರಿಯಿಂದ ಮೇಲೆದ್ದು ಕಾಲಿಗೆ ತಗಲುವ ಬಿಸಿಗಾಳಿ. ಷೇರುಪೇಟೆಯ ಕಟ್ಟಡವನ್ನು ದಾಟಿ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ, ಗಲ್ಲಿಯ ಬಾಯಿಗೆ ಸರಿಯಾಗಿ, ಬ್ರಾಡ್‌ವೇ ರಸ್ತೆಯ ಆಚೆ ಬದಿಯಲ್ಲಿ, ಕಾಯಿಸಿದ ಬೆಲ್ಲದ ಬಣ್ಣದ ಕಲ್ಲಿನ ಒಂದು ಗೋಪುರ ನಿಂತಿದೆ. ಅದೇ ಟ್ರಿನಿಟಿ ಚರ್ಚ್.

ರಸ್ತೆ ದಾಟುವಾಗ ಒಮ್ಮೆ ಕಾಲಬುಡ ನೋಡಿಕೊಳ್ಳಿ. ಪಾದಚಾರಿ ದಾರಿಯಲ್ಲಿ ಹೂತಿಟ್ಟ ಕಪ್ಪು ಗ್ರಾನೈಟ್ ಪಟ್ಟಿಗಳ ಮೇಲೆ, ಈ ಬೀದಿಯಲ್ಲಿ ಮೆರವಣಿಗೆ ಮಾಡಿಸಿಕೊಂಡವರ ಹೆಸರುಗಳಿವೆ. ಜನ ಅವುಗಳನ್ನು ತುಳಿದುಕೊಂಡೇ ಕಚೇರಿಗೆ ಹೋಗುತ್ತಾರೆ.

ಚರ್ಚಿನ ಒಳಗೆ ಹೋಗುವ ಮುಂಚೆ ಕಬ್ಬಿಣದ ಬೇಲಿಯೊಳಗಿನ ಸ್ಮಶಾನದಲ್ಲಿ ಒಂದು ಸುತ್ತು ಹಾಕಬೇಕು. ಊಟದ ಹೊತ್ತಿಗೆ ಇಲ್ಲಿ ಬೆಂಚು ಸಿಗುವುದು ಕಷ್ಟ. ಸಮಾಧಿಗಳ ನಡುವೆ ಕೂತು ಬ್ರೆಡ್ಡು ತಿನ್ನುವುದರಲ್ಲಿ ಯಾರಿಗೂ ಸಂಕೋಚವಿಲ್ಲ. ಬಿದ್ದ ಚೂರಿಗಾಗಿ ಅಳಿಲುಗಳು ಕಾದಿರುತ್ತವೆ. ಉತ್ತರದ ಭಾಗ ಚರ್ಚಿಗಿಂತಲೂ ಹಳೆಯದು. ಅಲ್ಲಿರುವ ಒಂದು ಪುಟ್ಟ ಕಲ್ಲು ರಿಚರ್ಡ್ ಚರ್ಚರ್ ಎಂಬ ಐದು ವರ್ಷದ ಮಗುವಿನದು. 1681ರಲ್ಲಿ ತೀರಿಕೊಂಡ ಮಗು. ಕಲ್ಲಿನ ಹಿಂಬದಿಗೆ ಬಂದರೆ ರೆಕ್ಕೆ ಮೂಡಿದ ಮರಳುಗಡಿಯಾರ, ಅದರ ಕೆಳಗೆ ತಲೆಬುರುಡೆ. ಐದು ವರ್ಷದ ಕಂದನ ಸಮಾಧಿಗೆ ಇಂಥ ಕೆತ್ತನೆಯೇ ಎಂದು ನಮಗೆ ಅನ್ನಿಸೀತು. ಆ ಕಾಲದ ಜನಕ್ಕೆ ಸಾವನ್ನು ಮುಚ್ಚಿಡುವ ಅಭ್ಯಾಸ ಇರಲಿಲ್ಲ. ಇನ್ನೊಂದು ಸಮಾಧಿ ಜೇಮ್ಸ್ ಲೀಸನ್ ಎಂಬಾತನದು, 1794ರದು. ಅದರ ನೆತ್ತಿಯ ಮೇಲೆ ಚೌಕಗಳು ಮತ್ತು ಚುಕ್ಕೆಗಳ ಒಂದು ಗೂಢಲಿಪಿ ಇದೆ. ಸುಮಾರು ನೂರು ವರ್ಷ ಜನ ಅದರ ಮುಂದೆ ನಿಂತು ತಲೆ ಕೆರೆದುಕೊಂಡರು. ಕೊನೆಗೆ ಬಿಡಿಸಿ ನೋಡಿದರೆ ಇದ್ದದ್ದು ಎರಡೇ ಪದ: ಸಾವನ್ನು ನೆನೆ.

ಗುಂಪು ಸೇರುವುದು ದಕ್ಷಿಣದ ಬದಿಯಲ್ಲಿ. ಅಮೆರಿಕದ ಮೊದಲ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಬಿಳಿ ಅಮೃತಶಿಲೆಯ ಸ್ಮಾರಕ ಅಲ್ಲಿದೆ. 1804ರ ಜುಲೈಯಲ್ಲಿ ಆಗಿನ ಉಪಾಧ್ಯಕ್ಷ ಆರನ್ ಬರ್‌ನ ಜೊತೆ ದ್ವಂದ್ವಯುದ್ಧಕ್ಕೆ ನಿಂತು, ಗುಂಡೇಟು ತಿಂದು, ಮರುದಿನ ಪ್ರಾಣ ಬಿಟ್ಟವನು. ಪಕ್ಕದ ಚಪ್ಪಟೆ ಕಲ್ಲು ಹೆಂಡತಿ ಎಲೈಜಾಳದು. ಗಂಡ ಹೋದ ಮೇಲೂ ಐವತ್ತು ವರ್ಷ ಬದುಕಿದ ಹೆಣ್ಣು. ಅವನ ಬದುಕಿನ ಮೇಲೆ 2015ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದ ಸಂಗೀತ ನಾಟಕ ಜನಪ್ರಿಯವಾದ ಮೇಲೆ ಈ ಜಾಗಕ್ಕೆ ಹರೆಯದವರು ಹುಡುಕಿಕೊಂಡು ಬರತೊಡಗಿದರು. ಹೂ ಇಡುತ್ತಾರೆ, ಚಿಲ್ಲರೆ ಕಾಸೂ ಇಡುತ್ತಾರೆ. ಖಜಾನೆ ನೋಡಿಕೊಂಡವನಿಗೆ ಕಾಸಿನ ಕಾಣಿಕೆ, ಇರಲಿ.

ಇಂಗ್ಲೆಂಡಿನ ಅರಸ ಮೂರನೆಯ ವಿಲಿಯಂ ಈ ಸಭೆಗೆ ಸನ್ನದು ಕೊಟ್ಟದ್ದು 1697ರಲ್ಲಿ. ಮರುವರ್ಷ ಎದ್ದ ಮೊದಲ ಚರ್ಚು ಸ್ವಾತಂತ್ರ್ಯ ಯುದ್ಧದ ನಡುವೆ, 1776ರ ಸೆಪ್ಟೆಂಬರಿನ ಮಹಾ ಬೆಂಕಿಯಲ್ಲಿ ಉರಿದುಹೋಯಿತು. ಯುದ್ಧ ಮುಗಿದ ಮೇಲೆ ಅರಸನ ಹೆಸರಲ್ಲಿ ಪ್ರಾರ್ಥಿಸುವ ಇಂಗ್ಲೆಂಡಿನ ಚರ್ಚಾಗಿ ಉಳಿಯುವಂತಿರಲಿಲ್ಲ. ಬಿಷಪ್ಪರ ಪರಂಪರೆಯನ್ನು ಮಾತ್ರ ಉಳಿಸಿಕೊಂಡು ಅದು ಎಪಿಸ್ಕೋಪಲ್ ಚರ್ಚ್ ಎಂಬ ಹೊಸ ಹೆಸರು ಪಡೆಯಿತು. ನಮ್ಮ ಸಿಎಸ್‌ಐ ಚರ್ಚುಗಳೂ ಇದೇ ಆಂಗ್ಲಿಕನ್ ಬಳಗಕ್ಕೆ ಸೇರಿದವು. ಬೆಂಗಳೂರಿನ ಟ್ರಿನಿಟಿ ಸರ್ಕಲ್ಲಿಗೆ ಹೆಸರು ಕೊಟ್ಟ ಹೋಲಿ ಟ್ರಿನಿಟಿ ಚರ್ಚು, ಹಾಗೆ ನೋಡಿದರೆ, ಇದರ ದೂರದ ದಾಯಾದಿ. ಇತ್ತ ಬೆಂಕಿಯ ನಂತರ ಎದ್ದ ಎರಡನೆಯ ಕಟ್ಟಡದ ಮಾಡು 1838-39ರ ಚಳಿಗಾಲದ ಹಿಮದ ಭಾರಕ್ಕೆ ಜಖಂಗೊಂಡಿತು. ರಿಪೇರಿ ಮಾಡಲೆಂದು ಕರೆಸಿದ ರಿಚರ್ಡ್ ಅಪ್‌ಜಾನ್ ನೋಡಿ, ರಿಪೇರಿಯ ಮಾತು ಬಿಡಿ, ಇಳಿಸಿಯೇಬಿಡಬೇಕು ಎಂಬ ತೀರ್ಮಾನಕ್ಕೆ ಬಂದ. ಇಂಗ್ಲೆಂಡಿನಲ್ಲಿ ಮರಗೆಲಸ ಕಲಿತು ಅಮೆರಿಕಕ್ಕೆ ವಲಸೆ ಬಂದ ಮನುಷ್ಯ ಅವನು. ಮುಂದೆ ಅಮೆರಿಕದ ವಾಸ್ತುಶಿಲ್ಪಿಗಳ ಸಂಘಕ್ಕೆ ಮೊದಲ ಅಧ್ಯಕ್ಷನಾದ. ಅವನು ಕಟ್ಟಿ 1846ರ ಮೇ 21ರಂದು ಪ್ರತಿಷ್ಠೆಯಾದ ಮೂರನೆಯ ಚರ್ಚೇ ಇವತ್ತು ನಮ್ಮ ಕಣ್ಣ ಮುಂದಿರುವುದು.

ಕಲ್ಲು ಪಕ್ಕದ ನ್ಯೂಜೆರ್ಸಿಯ ಲಿಟಲ್ ಫಾಲ್ಸ್‌ನ ಗಣಿಯದು. ಉಳಿಗೆ ಸುಲಭವಾಗಿ ಬಗ್ಗುವ ಮರಳುಗಲ್ಲು. ಆದ್ದರಿಂದಲೇ ಹೂ, ಬಳ್ಳಿ, ಚೂಪುಗಮಾನುಗಳನ್ನೆಲ್ಲ ಇಷ್ಟು ನವುರಾಗಿ ಕಡೆಯಲು ಆಯಿತು, ಆದ್ದರಿಂದಲೇ ಚಳಿ ಮಳೆಗೆ ಪದರ ಬಿಟ್ಟು ಉದುರುತ್ತಲೂ ಇದೆ. ಊರಿನ ಹೊಗೆ ಕುಡಿದು ಕುಡಿದು ಗೋಡೆಯೆಲ್ಲ ಇದ್ದಿಲಾಗಿತ್ತು. 1990ರ ಆಸುಪಾಸಿನಲ್ಲಿ ತೊಳೆದಾಗ ಒಳಗಿಂದ ಈ ನಸುಗೆಂಪು ಕಂಡಿತು. ಗೋಪುರದ ತುದಿ ನೆಲದಿಂದ 281 ಅಡಿ. ಕಟ್ಟಿದಾಗ ಇಡೀ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ. ಬಂದರಿಗೆ ಬರುವ ಹಡಗಿನವರಿಗೆ ಊರು ಬಂತೆಂದು ಹೇಳುತ್ತಿದ್ದದ್ದು ಇದೇ ಗೋಪುರ. 1890ರಲ್ಲಿ ಈ ಊರಿನೊಳಗೆ ಇದನ್ನು ಮೀರಿಸಿದ್ದು ಬ್ಯಾಂಕೂ ಅಲ್ಲ, ವಿಮೆ ಕಂಪನಿಯೂ ಅಲ್ಲ, ‘ವರ್ಲ್ಡ್’ ಪತ್ರಿಕೆಯ ಕಚೇರಿ. ಪತ್ರಿಕೆಯಲ್ಲಿ ಬರೆಯುವವರು ಬೇಕಾದರೆ ಹೆಮ್ಮೆಪಡಬಹುದು.

ಬೈಬಲ್ಲಿನ ಕಥೆಗಳು ಉಬ್ಬಿ ನಿಂತ ಕಂಚಿನ ಬಾಗಿಲುಗಳ ಪಕ್ಕದಿಂದ ಒಳಗೆ ಕಾಲಿಟ್ಟರೆ ಬಸ್ಸಿನ ಹಾರ್ನು ಹಿಂದೆ ಉಳಿಯುತ್ತದೆ. ಕಣ್ಣು ಕತ್ತಲಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು. ಕಟ್ಟುಕಟ್ಟಾಗಿ ಮೇಲೇರುವ ಕಂಬಗಳು, ಅವುಗಳ ನೆತ್ತಿಯಿಂದ ಕವಲೊಡೆದು ಚಾವಣಿಯಲ್ಲಿ ಒಂದನ್ನೊಂದು ಕೂಡುವ ಏಣುಗಳು. ಇದು ಕಲ್ಲಿನ ಚಾವಣಿ ಎಂದೇ ನೋಡಿದವರೆಲ್ಲ ತಿಳಿಯುತ್ತಾರೆ, ಅಲ್ಲ, ಗಾರೆ. ಹೊರಗೆ ಗೋಡೆಗೆ ಒತ್ತುಗಂಬಗಳಿವೆ, ಆದರೆ ಅವು ಹೊರಬೇಕಾಗಿದ್ದ ಕಲ್ಲಿನ ಭಾರ ಮೇಲೆ ಇಲ್ಲ. ಕಟ್ಟಡದ ನಿಷ್ಠೆಯ ಬಗ್ಗೆ ಮಾತಾಡುವ ಪಂಡಿತರಿಗೆ ಇದು ಚುಚ್ಚಿದೆ. ನನಗಂತೂ ಬೇಸರವಾಗುವುದಿಲ್ಲ. ದೂರದ ತುದಿಯಲ್ಲಿ ಬಲಿಪೀಠದ ಹಿಂದಿನ ದೊಡ್ಡ ಬಣ್ಣದ ಗಾಜಿನ ಕಿಟಕಿಯ ವಿನ್ಯಾಸವೂ ಅಪ್‌ಜಾನ್‌ನದೇ. ಆಗ ಅಮೆರಿಕದಲ್ಲಿ ಇಂಥ ಕೆಲಸ ಮಾಡುವವರು ತೀರಾ ಕಡಿಮೆ. ಅದಕ್ಕೇ ಚರ್ಚಿನ ಹಿತ್ತಿಲಲ್ಲೇ ಒಂದು ಕೊಟ್ಟಿಗೆ ಹಾಕಿ ಗಾಜನ್ನು ಅಲ್ಲೇ ಸಿದ್ಧಪಡಿಸಿದರು. ನಡುವೆ ಕ್ರಿಸ್ತ, ಅಕ್ಕಪಕ್ಕದಲ್ಲಿ ಸುವಾರ್ತೆ ಬರೆದ ನಾಲ್ವರು, ಪೇತ್ರ, ಪೌಲ.

ಗೋಪುರದಲ್ಲಿ 2006ರಿಂದ ಹನ್ನೆರಡು ಗಂಟೆಗಳ ಒಂದು ಮೇಳವಿದೆ. ಇಂಗ್ಲೆಂಡಿನ ಹಳ್ಳಿಗಳ ಪದ್ಧತಿ ಅದು. ಒಬ್ಬೊಬ್ಬರ ಕೈಗೆ ಒಂದೊಂದು ಹಗ್ಗ. ಗಂಟೆ ಪೂರ್ತಿ ಒಂದು ಸುತ್ತು ತಿರುಗಿ ಬರುತ್ತದೆ. ರಾಗ ನುಡಿಸುವುದಿಲ್ಲ, ಗಂಟೆಗಳ ಸರದಿಯನ್ನು ಪ್ರತಿ ಸುತ್ತಿಗೂ ಬದಲಿಸುತ್ತಾ ಹೋಗುತ್ತಾರೆ. ಲೆಕ್ಕ ತಪ್ಪಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ.

2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ಅವಳಿ ಗೋಪುರಗಳು ಕುಸಿದಾಗ ಓಡಿಬಂದವರು ಆಸರೆ ಪಡೆದದ್ದು ಇಲ್ಲೇ. ಎದ್ದ ಧೂಳು ಆರ್ಗನ್ನಿನ ಕೊಳವೆಗಳನ್ನು ಕೆಡಿಸಿತು. ಇದೇ ಸಭೆಗೆ ಸೇರಿದ 1766ರ ಸೇಂಟ್ ಪಾಲ್ಸ್ ಪ್ರಾರ್ಥನಾ ಮಂದಿರ ಅವಳಿ ಗೋಪುರಗಳಿಗೆ ಇನ್ನೂ ಹತ್ತಿರ. ಅದು ತಿಂಗಳುಗಟ್ಟಲೆ ರಕ್ಷಣಾ ಕೆಲಸದವರಿಗೆ ಉಣ್ಣುವ, ಮಲಗುವ ಮನೆಯಾಯಿತು.

ಹಣದ ಕಾಡಿನಲ್ಲಿ ಬಡಪಾಯಿ ದೇವಾಲಯವೊಂದು ಸಿಕ್ಕಿಕೊಂಡಿದೆ ಎಂದು ಈ ಚರ್ಚಿನ ಬಗ್ಗೆ ಬರೆಯುವುದುಂಟು. ಅದು ಸುಳ್ಳು. ಈ ಊರಿನ ಹಳೆಯ ಜಮೀನ್ದಾರರಲ್ಲಿ ಇದೂ ಒಂದು. 1705ರಲ್ಲಿ ರಾಣಿ ಆನ್ ಮ್ಯಾನ್‌ಹಟನ್‌ನ 215 ಎಕರೆ ಹೊಲವನ್ನು ಇದಕ್ಕೆ ಬರೆದುಕೊಟ್ಟಳು. ಬಹುಪಾಲು ಕೈಬಿಟ್ಟು ಈಗ ಉಳಿದಿರುವುದು ಹದಿನಾಲ್ಕು ಎಕರೆಯ ಆಸುಪಾಸು; ಆದರೆ ಅದು ಮ್ಯಾನ್‌ಹಟನ್‌ನ ಎಕರೆ. 2018ರಲ್ಲಿ ಅದರಲ್ಲಿ ಒಂದು ತುಂಡನ್ನು 99 ವರ್ಷದ ಗುತ್ತಿಗೆಗೆ ಪಡೆಯಲು ಡಿಸ್ನಿ ಕಂಪನಿ ಒಪ್ಪಿದ ಮೊತ್ತ 65 ಕೋಟಿ ಡಾಲರು. ಇದೇ ಜಮೀನಿನ ಬಡವರ ವಠಾರಗಳ ದುರವಸ್ಥೆಗಾಗಿ 1890ರ ದಶಕದಲ್ಲಿ ಚರ್ಚು ಛೀಮಾರಿ ಹಾಕಿಸಿಕೊಂಡಿತ್ತು. 2011ರಲ್ಲಿ ವಾಲ್ ಸ್ಟ್ರೀಟಿನ ವಿರುದ್ಧ ಬೀದಿಗಿಳಿದವರು ಚರ್ಚಿನ ಒಂದು ಖಾಲಿ ನಿವೇಶನದಲ್ಲಿ ಠಿಕಾಣಿ ಹೂಡಲು ಅನುಮತಿ ಕೇಳಿದಾಗ ಅದು ಕೊಡಲಿಲ್ಲ. ಬೇಲಿ ಹತ್ತಿದವರನ್ನು ಪೊಲೀಸರು ಎಳೆದೊಯ್ದರು.

ಇಷ್ಟೆಲ್ಲ ಪಡೆದ ಸಭೆ ಅರಸನಿಗೆ ತೆರಬೇಕಾಗಿದ್ದ ಗೇಣಿ ಎಷ್ಟು ಗೊತ್ತೇ? 1697ರ ಸನ್ನದಿನಲ್ಲಿ ಬರೆದಂತೆ ವರ್ಷಕ್ಕೆ ಒಂದು ಕಾಳುಮೆಣಸು. ಕಾರವಾರದಿಂದ ಮಲಬಾರಿನವರೆಗಿನ ಕರಾವಳಿ ಯಾವ ಮೆಣಸಿಗಾಗಿ ಹಡಗುಗಳನ್ನು ಬರಮಾಡಿಕೊಂಡಿತ್ತೋ ಅದೇ ಮೆಣಸು, ಕಾಗದದ ಮೇಲೆ ಹೆಸರಿಗೊಂದು ಕಂದಾಯವಾಗಿ ಇಲ್ಲಿಗೂ ಬಂದಿತ್ತು. 1976ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಇಲ್ಲಿಗೆ ಬಂದಾಗ ಚರ್ಚಿನವರು 279 ವರ್ಷದ ಬಾಕಿ ಎಂದು 279 ಕಾಳುಗಳನ್ನು ನಗುತ್ತಾ ಸಲ್ಲಿಸಿದರು.

ಆ 1697ರಲ್ಲೇ ಚರ್ಚಿನ ಆಡಳಿತ ಇನ್ನೊಂದು ತೀರ್ಮಾನವನ್ನೂ ಮಾಡಿತ್ತು: ಈ ಸ್ಮಶಾನದಲ್ಲಿ ಕರಿಯರನ್ನು ಹೂಳಕೂಡದು. ಗುಲಾಮರೂ ಸ್ವತಂತ್ರರೂ ತಮ್ಮವರ ಹೆಣ ಹೊತ್ತು ಊರಾಚೆಗೆ ಹೋಗಬೇಕಾಯಿತು. ಮುಂದೆ ಆ ಜಾಗದ ಮೇಲೆ ಊರು ಬೆಳೆದು ಮುಚ್ಚಿಹೋಯಿತು. 1991ರಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ಪಾಯ ತೋಡುವಾಗ ನಾನೂರಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಈಗ ಅದು ರಾಷ್ಟ್ರೀಯ ಸ್ಮಾರಕ.

ಟ್ರಿನಿಟಿ ನೋಡಲು ಟಿಕೆಟ್ಟು ಬೇಕಿಲ್ಲ. ವಾಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಗೋಪುರದ ಬುಡದಲ್ಲೇ ಇರುತ್ತೀರಿ. ಆದರೆ ನೋಡಿ ಮುಗಿಸಿದವರು ಅಲ್ಲಿಂದಲೇ ಹಿಂದಿರುಗಬೇಡಿ. ಬ್ರಾಡ್‌ವೇ ಹಿಡಿದು ಉತ್ತರಕ್ಕೆ ಒಂದು ಕಿಲೋಮೀಟರಿನಷ್ಟು ನಡೆದರೆ ಡ್ಯೂಯೇನ್ ಬೀದಿಯಲ್ಲಿ ಆ ಇನ್ನೊಂದು ಸ್ಮಶಾನವಿದೆ. ಅದನ್ನೂ ನೋಡಿಕೊಂಡು ಬನ್ನಿ.