ಹಳೆಯ ಫಿಯೆಟ್ಟಿನ ಮಿಸ್ಸಿಂಗ್

ಹಳೆಯ ಫಿಯೆಟ್ ಗಾಡಿಗೆ ನಾಲ್ಕು ಸಿಲಿಂಡರು. ಒಂದು ಉರಿಯದಿದ್ದರೂ ಗಾಡಿ ಕುಂಟುತ್ತದೆ. ಮೇಸ್ತ್ರಿಗಳು ಇದಕ್ಕೆ 'ಮಿಸ್ಸಿಂಗ್' ಎನ್ನುತ್ತಾರೆ. ನಮ್ಮ ಗೆಳೆಯರೊಬ್ಬರು ಕಳೆದ ಮಳೆಗಾಲದಲ್ಲಿ ಗ್ಯಾರೇಜಿನವರ ಮಾತು ನಂಬಿ ಕಾರ್ಬುರೇಟರನ್ನೇ ಬದಲಿಸಿದರು. ತಿಂಗಳ ಸಂಬಳ ಹೋಯಿತು, ಮಿಸ್ಸಿಂಗ್ ಹೋಗಲಿಲ್ಲ.

ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿರಿ. (ಬರಿಗೈ ಬೇಡ, ಶಾಕ್ ಜೋರು.) ಯಾವ ವೈರು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಮೈಗಳ್ಳ. ಎಂಜಿನ್ ಆರಿಸಿ, ಅದರ ಪ್ಲಗ್ಗನ್ನು ಪಕ್ಕದ್ದರೊಡನೆ ಅದಲುಬದಲು ಮಾಡಿರಿ. ದೋಷವೂ ಪಕ್ಕಕ್ಕೆ ಹೋದರೆ ಹೊಸ ಪ್ಲಗ್ ಸಾಕು. ಹೋಗದಿದ್ದರೆ ವೈರು ನೋಡಿರಿ. ಅದೂ ಸರಿಯಿದ್ದರೆ ಮೇಸ್ತ್ರಿಯೇ ಬೇಕು.

ನಾಲ್ಕೂ ಆಗಾಗ ತಪ್ಪುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಿರಿ. ಮುಂಬಯಿಯ ಮಳೆಗೆ ಒಳಗೆ ತೇವ ಕೂಡುತ್ತದೆ. ಪಾಯಿಂಟಿನ ಗ್ಯಾಪು ಸುಮಾರು 0.45 ಮಿಲಿಮೀಟರ್ ಇರಲಿ. ಗೆಳೆಯರ ಗಾಡಿಯದು ಬರೀ ತೇವವಾಗಿತ್ತು.