ತಪ್ಪು ಹೊಟ್ಟೆಯದಲ್ಲ!
ಕಾರ್ಗಲ್ ಕಡೆಯಿಂದ ಗೇರುಸೊಪ್ಪೆ ಘಟ್ಟ ಇಳಿಯುವ ಬಸ್ಸಿನಲ್ಲೇ ವಾಂತಿ ಮಾಡುವ ಮಗು ನಾಳೆ ವಿದೇಶದ ವಿಮಾನ ಏರುವುದು ಹೇಗೆ? ಪಾಲಕರಿಗೆ ಈ ಚಿಂತೆ ಸಹಜ. ಆದರೆ ಮಗುವನ್ನು ಗದರಬೇಡಿ, ತಪ್ಪು ಹೊಟ್ಟೆಯದಲ್ಲ. ‘ಚಲಿಸುತ್ತಿದ್ದೇವೆ’ ಎನ್ನುತ್ತದೆ ಒಳಕಿವಿ. ಪುಸ್ತಕದಲ್ಲಿ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳಸುತ್ತದೆ.

ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡಲಿ. ವಿಮಾನದಲ್ಲಿ ಕುಲುಕಾಟ ಕಡಿಮೆಯಿರುವ ರೆಕ್ಕೆಯ ಬಳಿ ಸೀಟು ಕೇಳಿ. ತಲೆ ಒರಗಿಸಿ ಕಣ್ಣು ಮುಚ್ಚಲಿ. ಓದು, ಮೊಬೈಲು ಬೇಡ. ಉಪವಾಸವೂ ಬೇಡ, ಹಗುರ ತಿಂಡಿ ಸಾಕು.

ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು. ಹಲವು ಮಾತ್ರೆಗಳು ನಿದ್ದೆ ತರುತ್ತವೆ. ಪರೀಕ್ಷೆಯ ದಿನವೇ ಮೊದಲ ಬಾರಿ ಕೊಡಬೇಡಿ. 12 ವರ್ಷ ದಾಟಿದಂತೆ ಅನೇಕರಲ್ಲಿ ಈ ಕಾಟ ತಾನಾಗಿ ತಗ್ಗುತ್ತದೆ.