ಅಕ್ಷರದಿಂದ ಹೆಸರಾದ ನಮ್ಮ ಹೆಣ್ಣುಮಕ್ಕಳು

ಇತಿಹಾಸದಲ್ಲಿ ಹೆಸರು ಮಾಡಿದ ಮಹಿಳೆಯರು ಯಾರು ಎಂದು ಹೈಸ್ಕೂಲು ಮಕ್ಕಳನ್ನು ಕೇಳಿದರೆ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ ಎಂಬ ಉತ್ತರ ಥಟ್ಟನೆ ಬರುತ್ತದೆ. ಇಬ್ಬರೂ ಶತ್ರುವಿನ ಎದುರು ನಿಂತು ಹೋರಾಡಿದವರು. ಆಯುಧ ಹಿಡಿಯದೆ, ಓದು ಬರಹದಿಂದಲೇ ಹೆಸರಾದವರೂ ನಮ್ಮಲ್ಲಿ ಇದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಮೂಲಕ ಹಾದುಹೋಗುವ ಮೈಸೂರು-ಮಡಿಕೇರಿ ರಸ್ತೆಯ ಎರಡೂ ಕಡೆ ಅಂಥವರ ಕಥೆಗಳಿವೆ.

ಮೊದಲು ಮೈಸೂರು. 1881ರಲ್ಲಿ ಅರಮನೆಯ ಬಕ್ಷಿ ನರಸಿಂಹ ಅಯ್ಯಂಗಾರರು ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ಆರಂಭಿಸಿದರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅದರ ಬೆಂಬಲಕ್ಕೆ ನಿಂತರು. ಆ ಶಾಲೆಯೇ ಬೆಳೆದು ಮಹಾರಾಣಿ ಕಾಲೇಜಾಯಿತು. 1894ರಲ್ಲಿ ಪತಿ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಮಗ ಕೃಷ್ಣರಾಜರಿಗೆ ಹತ್ತು ವರ್ಷ. 1902ರವರೆಗೆ ಸಂಸ್ಥಾನದ ಆಡಳಿತವನ್ನು ಈ ತಾಯಿಯೇ ನೋಡಿಕೊಂಡರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿದ್ದು ಅವರ ಆಡಳಿತದ ಕೊನೆಯ ದಿನಗಳಲ್ಲಿ.

ಮೈಸೂರಿನ ಪಕ್ಕದ ನಂಜನಗೂಡಿನಲ್ಲಿ 1887ರಲ್ಲಿ ಹುಟ್ಟಿದವರು ತಿರುಮಲಾಂಬ. ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅಂದಿನ ಸಮಾಜದಲ್ಲಿ ಅಲ್ಲಿಗೆ ಹುಡುಗಿಯ ಬದುಕು ಮುಗಿದಂತೆಯೇ. ಆದರೆ ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರರು ಮಗಳ ಕೈಗೆ ಪುಸ್ತಕ ಕೊಟ್ಟರು. ಆಕೆ 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು. ‘ಸುಶೀಲೆ’ ಕಾದಂಬರಿ ಬರೆದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು.

ಇನ್ನು ಕೊಪ್ಪದಿಂದ ಕಾವೇರಿ ಸೇತುವೆ ದಾಟಿದರೆ ಕೊಡಗು. 1956ರವರೆಗೆ ಅದು ಬೇರೆಯೇ ರಾಜ್ಯ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಗೌರಮ್ಮ ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ ಕಥೆ ಬರೆದರು. ವಿಧವೆಯರ, ಒಂಟಿ ಹೆಣ್ಣುಗಳ ಸಂಕಟ ಅವರ ಕಥೆಗಳ ವಸ್ತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು. 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರ ‘ಕಂಬನಿ’, ‘ಚಿಗುರು’ ಸಂಕಲನಗಳು ಇಂದಿಗೂ ಓದುಗರನ್ನು ಹಿಡಿದಿಡುತ್ತವೆ.

ವಿಜ್ಞಾನ ಓದುವ ಹುಡುಗಿಯರು ರಾಜೇಶ್ವರಿ ಚಟರ್ಜಿಯವರನ್ನು ತಿಳಿಯಬೇಕು. ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ಸಂಶೋಧನೆಯ ಕ್ಷೇತ್ರ. 2010ರಲ್ಲಿ ನಿಧನರಾದರು.

ಇವರೆಲ್ಲ ಪ್ರತಿಭಾವಂತರು, ನಿಜ. ಆದರೆ ತಿರುಮಲಾಂಬರ ತಂದೆ ಊರಿನವರ ಮಾತಿಗೆ ಅಂಜಿದ್ದರೆ? ರಾಜೇಶ್ವರಿಯವರ ಅಜ್ಜಿಯನ್ನೇ ಯಾರೂ ಓದಿಸದಿದ್ದರೆ? ಎಸ್ಸೆಸ್ಸೆಲ್ಸಿ ಪಾಸಾದ ಮಗಳನ್ನು ಬಸ್ಸು ಹತ್ತಿಸಿ ಕಾಲೇಜಿಗೆ ಕಳಿಸಬೇಕೇ, ಅಥವಾ ಒಳ್ಳೆಯ ಸಂಬಂಧ ನೋಡಬೇಕೇ ಎಂಬ ಮಾತು ಹಳ್ಳಿಯ ಮನೆಗಳಲ್ಲಿ ಈಗಲೂ ಏಳುತ್ತದೆ. ಆಗ ತಂದೆತಾಯಿಗಳು ನಂಜನಗೂಡಿನ ಆ ತಂದೆಯನ್ನು ಒಮ್ಮೆ ನೆನೆಯಲಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ನಿಮ್ಮ ಅಜ್ಜಿ ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.